ದೊಡ್ಡ ಡಾಕ್ಟ್ರ ನಂಬರು

ಬಿಲ್ಲಿಂಗಣ್ಣ ತೀರಿಹೋದರು ಎಂದು ಫೋನು ಬಂದಾಗ ನಾನು ದೋಸೆ ಹೊಯ್ಯುತ್ತಿದ್ದೆ. "ಹೌದಾ" ಎಂದೆ. ಕೈ ನಿಲ್ಲಲಿಲ್ಲ, ಕಾವಲಿಯ ಮೇಲಿನ ದೋಸೆ ಹರಿಯಲೂ ಇಲ್ಲ. ಫೋನು ಮಾಡಿದ್ದು ನಮ್ಮ ಆಸ್ಪತ್ರೆಯ ರಿಸೆಪ್ಶನ್ನಿನ ಹುಡುಗಿ. ಆ ಕಡೆ ಅವಳು ಮೂಗು ಒರೆಸಿಕೊಳ್ಳುವುದು ಕೇಳುತ್ತಿತ್ತು. "ಅಕ್ಕ, ನಿಮಗೆ ಎಂತ ಬೇಜಾರೇ ಆಗ್ಲಿಲ್ವಾ?" ಎಂದು ಕೇಳಿದಳು. ಬಸ್ಸಿಗೆ ಹೊತ್ತಾಯ್ತು ಎಂದು ಫೋನು ಇಟ್ಟೆ.

ಅಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ಶ್ರದ್ಧಾಂಜಲಿ ಸಭೆ. ಅವರ ಪಕ್ಕದ ಕುರ್ಚಿಯಲ್ಲಿ ಹನ್ನೊಂದು ವರ್ಷ ಕೂತವಳು ನಾನೇ ಆದ್ದರಿಂದ, ಎರಡು ಒಳ್ಳೆಯ ಮಾತು ಹೇಳಬೇಕು ಎಂದರು. ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿದೆ. ಎಲ್ಲರೂ ಅದನ್ನು ದುಃಖ ಎಂದು ತಿಳಿದು ನನ್ನ ಬೆನ್ನು ಸವರಿದರು. ಒಳ್ಳೆಯ ಮಾತು ನನ್ನ ಹತ್ತಿರ ಇರಲೇ ಇಲ್ಲ ಅಂತಲ್ಲ. ಒಂದು ಉಂಟು, ಮುಂದೆ ಹೇಳುತ್ತೇನೆ. ಆದರೆ ಅದೊಂದನ್ನೇ ಹೇಳಿ ಕೂತುಬಿಟ್ಟರೆ ಅದೂ ಸುಳ್ಳೇ ಆಗುತ್ತಿತ್ತು.

ಬಿಲ್ಲಿಂಗಣ್ಣ ಎಂಬುದು ಬಿಲ್ಲಿನ ಕೆಲಸದಿಂದ ಬಿದ್ದ ಹೆಸರು, ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇನ್ನಂಜೆಯಲ್ಲಿ ಅವರ ಹೆಂಡತಿ ಇದ್ದಾರೆ, ಅವರು ನನಗೆ ಏನೂ ಕೆಟ್ಟದ್ದು ಮಾಡಿದವರಲ್ಲ. ಇನ್ನೊಂದು ಕಾರಣವನ್ನೂ ಮುಚ್ಚಿಡುವುದಿಲ್ಲ. ಒಬ್ಬರ ಹೆಸರನ್ನು ಎಂಟು ವರ್ಷ ಕಾಗದದಿಂದ ಹೊರಗಿಟ್ಟ ಮನುಷ್ಯ ಅವರು, ಅವರ ಹೆಸರು ನನ್ನ ಕಾಗದದಿಂದ ಹೊರಗಿರಲಿ. ಅಷ್ಟು ಹಗೆ ನನಗೆ ಉಂಟು. 'ಅವರು' ಎಂದು ಬಹುವಚನದಲ್ಲಿ ಬರೆಯುತ್ತಿರುವುದು ಮರ್ಯಾದೆಯಿಂದಲ್ಲ, ಅಭ್ಯಾಸದಿಂದ. ಏಕವಚನ ಬಾಯಿಗೆ ಬರುತ್ತದೆ, ಕೈಗೆ ಬರುವುದಿಲ್ಲ.

ಉಡುಪಿಯಲ್ಲಿ ನಮ್ಮದು ದೊಡ್ಡ ಆಸ್ಪತ್ರೆ ಏನಲ್ಲ. ಮಣಿಪಾಲದವರೆಗೆ ಹೋಗಲು ಹೆದರುವವರು, ಹೆರಿಗೆಗೆ ಅಮ್ಮ ಬಂದಲ್ಲಿಗೇ ಮಗಳನ್ನೂ ಕರೆತರುವವರು, ಅಂಥವರು ಬರುವ ಜಾಗ. ಕಟ್ಟಿಸಿದವರು ಹೆಂಗಸರ ಡಾಕ್ಟ್ರು. ಎಲ್ಲರೂ ಅವರನ್ನು ದೊಡ್ಡ ಡಾಕ್ಟ್ರು ಎನ್ನುತ್ತಿದ್ದರು. ನಾನು ಅಲೆವೂರಿನಿಂದ ಬಸ್ಸು ಹತ್ತಿ ಅಲ್ಲಿ ಕೆಲಸಕ್ಕೆ ಸೇರುವಾಗ ಇನ್ಶೂರೆನ್ಸ್ ವಿಭಾಗ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ಒಂದು ಮೇಜು, ಒಂದು ಕಂಪ್ಯೂಟರು, ಮತ್ತು ಬಿಲ್ಲಿಂಗಣ್ಣ. ಇಡೀ ಆಸ್ಪತ್ರೆ ಅವರನ್ನು ಹಾಗೆಯೇ ಕರೆಯುತ್ತಿತ್ತು, ವಾರ್ಡಿನ ಆಯಾ ಕೂಡ. ನಾನು ಮಾತ್ರ ಸರ್ ಎನ್ನುತ್ತಿದ್ದೆ. ಅಣ್ಣ ಎನ್ನುವಂಥದ್ದು ಅವರಲ್ಲಿ ನನಗೆ ಕಾಣಿಸಲಿಲ್ಲ.

ಅವರ ಮೇಜಿನ ಎದುರು ರೋಗಿಯ ಕಡೆಯವರಿಗೆಂದು ಇಟ್ಟದ್ದು ಕುರ್ಚಿಯಲ್ಲ, ಗಿಡ್ಡ ಸ್ಟೂಲು. ಕೂತವರು ಮುಖ ಎತ್ತಿಯೇ ಮಾತಾಡಬೇಕು. ಫೈಲು ಕೈಗೆ ಬಂದರೆ ಅವರು ಮೊದಲು ಅದನ್ನು ಮೇಜಿಗೆ ನಾಲ್ಕೂ ಬದಿಯಿಂದ ಕುಟ್ಟಿ ಸರಿಮಾಡುತ್ತಿದ್ದರು. ಆಮೇಲೆ ತೆರೆಯುತ್ತಿದ್ದರೋ ಎಂದರೆ ಇಲ್ಲ, ಎದ್ದು ಕ್ಯಾಂಟೀನಿಗೆ ಹೋಗುತ್ತಿದ್ದರು. ಎರಡು ಗೋಳಿಬಜೆ ತಿಂದು, ಬೆರಳ ಎಣ್ಣೆಯನ್ನು ಹಾಳಾದ ಫಾರಮಿಗೆ ಒರೆಸಿಕೊಳ್ಳುತ್ತ ಬಂದು, "ಹ್ಞಾಂ, ಎಂತ ನಿಮ್ಮದು?" ಎಂದು ಕೇಳುತ್ತಿದ್ದರು. ಬೈಯುವುದಿದ್ದರೆ ತುಳು, ನಿಯಮ ಹೇಳುವುದಿದ್ದರೆ ಪುಸ್ತಕದ ಕನ್ನಡ, ಕಂಪನಿಯವರ ಮುಂದೆ ಬೆನ್ನು ಬಗ್ಗಿಸುವುದಿದ್ದರೆ ಇಂಗ್ಲಿಷು. ಕಾರ್ಕಳದಿಂದ ಬಂದ ಒಬ್ಬ ಕಲ್ಲಿನ ಕೆಲಸದವನು ಕೇಳದೆ ಸ್ಟೂಲಿನಲ್ಲಿ ಕೂತನೆಂದು ಅವನ ಹೆಂಡತಿಯ ಡಿಸ್ಚಾರ್ಜ್ ಕಾಗದವನ್ನು ಸಂಜೆಯವರೆಗೆ ಮುಟ್ಟಲೇ ಇಲ್ಲ. ಊರಿನ ಕೊನೆಯ ಬಸ್ಸು ತಪ್ಪುತ್ತದೆ ಎಂದು ಅವನು ಮೂರು ಸಲ ಹೇಳಿದ. "ನಿಮ್ಮ ಬಸ್ಸಿನ ಟೈಮು ನಮ್ಮ ಕಂಪ್ಯೂಟರಿಗೆ ಗೊತ್ತಿಲ್ಲ ಮಾರಾಯ್ರೆ" ಎಂದರು. ಆ ಹೆಂಗಸು ಹಸಿ ಹೊಲಿಗೆಯ ಮೇಲೆ ಕೈ ಇಟ್ಟುಕೊಂಡು ಬಾಗಿಲ ಹತ್ತಿರವೇ ನಿಂತಿದ್ದಳು.

ಅವರ ಬಲವೆಲ್ಲ ಇದ್ದದ್ದು ಒಂದು ಉದ್ದನೆಯ ಪುಸ್ತಕದಲ್ಲಿ. ಆಗ ಇನ್ಶೂರೆನ್ಸಿನ ಕ್ಲೇಮು ಕಂಪ್ಯೂಟರಿನಲ್ಲಿ ಹೋಗುತ್ತಿದ್ದರೂ ಪ್ರತಿ ಕಂಪನಿ ಪ್ರತಿ ಡಾಕ್ಟ್ರಿಗೆ ತನ್ನದೇ ಒಂದು ನಂಬರು ಕೊಡುತ್ತಿತ್ತು. ಒಬ್ಬರೇ ಡಾಕ್ಟ್ರು, ಇಲ್ಲೊಂದು ನಂಬರು, ಅಲ್ಲೊಂದು. ಆಪರೇಷನ್ ಮಾಡಿದವರು ಯಾರು ಎಂಬ ಖಾನೆಯಲ್ಲಿ ಆ ಕಂಪನಿಯ ಸರಿಯಾದ ನಂಬರು ಬೀಳದಿದ್ದರೆ ಕ್ಲೇಮು ವಾಪಸ್. ಆ ನಂಬರುಗಳೆಲ್ಲ ಅವರ ಪುಸ್ತಕದಲ್ಲಿ, ಪುಸ್ತಕ ಡ್ರಾವರಿನಲ್ಲಿ, ಡ್ರಾವರಿನ ಕೀಲಿಕೈ ಅವರ ಪ್ಯಾಂಟಿನ ಕಿಸೆಯಲ್ಲಿ. ಟೈಪು ಮಾಡುವವಳು ನಾನು. ಆದರೆ ಪ್ರತಿ ಸಲವೂ ನಾನು ಕೈ ನಿಲ್ಲಿಸಿ "ಸರ್, ನಂಬರು" ಎಂದು ಕೇಳಬೇಕು. ಅವರು ಮುಚ್ಚಿ ಮುಚ್ಚಿ ಪುಟ ತೆರೆದು ಓದಬೇಕು. ಒಮ್ಮೆ ನಾನು ಒಂದು ನಂಬರನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಅದನ್ನು ತೆಗೆದು ಹರಿದು ಕಸದ ಬುಟ್ಟಿಗೆ ಹಾಕಿ, "ನಂಬರು ನನ್ನ ಹತ್ತಿರ ಇದ್ದರೆ ಸಾಕಲ್ವಾ? ನಿನಗೆ ಯಾಕೆ ಮಂಡೆಬೆಚ್ಚ?" ಎಂದರು.

ಈಗ ಆ ಒಂದು ಒಳ್ಳೆಯ ಮಾತು. ಉದ್ಯಾವರದ ಒಬ್ಬ ವಿಧವೆ, ಮೀನು ಮಾರುವವರು, ಹೊಟ್ಟೆಯಲ್ಲಿ ಗಡ್ಡೆ ಇಟ್ಟುಕೊಂಡು ಬಂದಿದ್ದರು. ಕಂಪನಿ ಒಪ್ಪಿಗೆ ಕೊಡಲಿಲ್ಲ. ಬಿಲ್ಲಿಂಗಣ್ಣ ಅಂದು ಊಟಕ್ಕೆ ಹೋಗಲಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನ ಕಳೆಯುವವರೆಗೆ ಫೋನಿನಲ್ಲೇ ಇದ್ದರು, ಕಂಪನಿಯ ನಿಯಮವನ್ನು ಕಂಪನಿಯವರಿಗೇ ಓದಿ ಹೇಳಿದರು, ಒಪ್ಪಿಗೆ ತರಿಸಿಯೇ ಬಿಟ್ಟರು. ಆಕೆ ಕಾಲಿಗೆ ಬೀಳಲು ಬಂದರೆ "ಹೋಗಿ ಹೋಗಿ, ಹೊಟ್ಟೆ ನೋಡಿಕೊಳ್ಳಿ" ಎಂದು ಮುಖ ತಿರುಗಿಸಿದರು. ಇದನ್ನು ಬರೆಯದಿದ್ದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಆದರೆ ಆ ಗಡ್ಡೆ ತೆಗೆದದ್ದು ಡಾಕ್ಟರ್ ಸಫಿಯಾ, ಕ್ಲೇಮಿನಲ್ಲಿ ಬಿಲ್ಲಿಂಗಣ್ಣ ನನ್ನಿಂದ ಹಾಕಿಸಿದ್ದು ದೊಡ್ಡ ಡಾಕ್ಟ್ರ ನಂಬರು.

ಡಾಕ್ಟರ್ ಸಫಿಯಾ ಕಾಪುವಿನವರು. ಅಪ್ಪನದು ಪೇಟೆಯಲ್ಲಿ ಚಪ್ಪಲಿಯ ಅಂಗಡಿ. ಸ್ಕೂಟರಿನಲ್ಲಿ ಬರುತ್ತಿದ್ದರು. ಆಪರೇಷನ್ ಆದ ಹೆಂಗಸರ ಹತ್ತಿರ ಕೂತು, ಯಾರು ಯಾವ ಭಾಷೆಯವರೋ ಆ ಭಾಷೆಯಲ್ಲಿ, ತುಳುವಿನವರ ಹತ್ತಿರ ತುಳು, ತಮ್ಮ ಹಾಗೆ ಬ್ಯಾರಿ ಮುಸ್ಲಿಮರಾದವರ ಹತ್ತಿರ ಬ್ಯಾರಿ, ಒಳಗೆ ಏನು ತೆಗೆದೆ, ಏನು ಬಿಟ್ಟೆ ಎಂದು ಹೇಳುತ್ತಿದ್ದರು. ಹೆಂಗಸರಿಗೆ ತಮ್ಮ ಹೊಟ್ಟೆಯಲ್ಲಿ ಏನಿತ್ತೆಂದು ಬೇರೆ ಯಾರೂ ಹೇಳುವುದಿಲ್ಲ, ಅದನ್ನು ನಾನು ಬಲ್ಲೆ. ನನ್ನ ಗರ್ಭಕೋಶ ತೆಗೆದದ್ದೂ ಅವರೇ. ನನಗಿಂತ ಚಿಕ್ಕವರು, ನನ್ನನ್ನು ಜಲಜಕ್ಕ ಎಂದು ಕರೆಯುತ್ತಿದ್ದರು.

ಅವರು ಸೇರುವ ಹೊತ್ತಿಗೆ ದೊಡ್ಡ ಡಾಕ್ಟ್ರಿಗೆ ಕೈ ನಡುಕ ಶುರುವಾಗಿತ್ತು. ಚಹಾ ಕುಡಿದರೆ ಅರ್ಧ ಸಾಸರಿಗೆ ಚೆಲ್ಲುತ್ತಿತ್ತು. ಥಿಯೇಟರಿಗೆ ಹೋಗುವುದನ್ನು ಅವರೇ ನಿಲ್ಲಿಸಿದರು, ಅಷ್ಟು ಮನುಷ್ಯತ್ವ ಅವರಲ್ಲಿತ್ತು. ಹೆಂಗಸರ ಆಪರೇಷನ್ ಎಲ್ಲ ಸಫಿಯಾ ಅವರ ಕೈಗೆ ಬಂತು. ಹೊಸ ಡಾಕ್ಟ್ರಿಗೆ ಏಳು ಕಂಪನಿಯಿಂದ ಏಳು ನಂಬರು ತರಿಸಬೇಕೆಂದರೆ ಏಳು ಅರ್ಜಿ, ಪ್ರತಿಯೊಂದಕ್ಕೂ ಸರ್ಟಿಫಿಕೇಟಿನ ನಕಲು, ಆಮೇಲೆ ತಿಂಗಳುಗಟ್ಟಲೆ ಬೆನ್ನುಬೀಳುವುದು. ಬಿಲ್ಲಿಂಗಣ್ಣ ಅದಕ್ಕೆ ಒಂದು ಸುಲಭದ ದಾರಿ ಹುಡುಕಿದರು. ದೊಡ್ಡ ಡಾಕ್ಟ್ರ ನಂಬರು ಎಲ್ಲ ಕಂಪನಿಯಲ್ಲೂ ಉಂಟು, ಅದು ಹೋದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಅದನ್ನೇ ಹಾಕುವುದು. ಕ್ಲೇಮಿಗೆ ಹೊಂದಬೇಕಲ್ಲ, ಆದ್ದರಿಂದ ಡಿಸ್ಚಾರ್ಜ್ ಕಾಗದದಲ್ಲೂ ಸರ್ಜನ್ ಎಂಬಲ್ಲಿ ದೊಡ್ಡ ಡಾಕ್ಟ್ರು, ಸಹಾಯಕರು ಎಂಬಲ್ಲಿ ಡಾಕ್ಟರ್ ಸಫಿಯಾ. ಥಿಯೇಟರಿನ ರಿಜಿಸ್ಟರೂ ಹಾಗೆಯೇ ಬರೆಸಿದರು. ಚಹಾದ ಲೋಟ ಹಿಡಿಯಲಾಗದ ಮನುಷ್ಯ ಕಾಗದದ ಮೇಲೆ ದಿನಕ್ಕೆ ಮೂರು ಆಪರೇಷನ್ ಮಾಡುತ್ತಿದ್ದರು.

ಸಫಿಯಾ ಅವರು ಒಮ್ಮೆ ಆ ಕಾಗದ ಹಿಡಿದುಕೊಂಡು ನಮ್ಮ ಕೋಣೆಗೆ ಬಂದರು. ಸ್ಟೂಲಿನಲ್ಲಿ ಕೂರಲಿಲ್ಲ. "ಅಣ್ಣ, ಇದರಲ್ಲಿ ನನ್ನನ್ನು ಸಹಾಯಕರು ಅಂತ ಹಾಕಿದ್ದೀರಿ. ಅಂದು ಥಿಯೇಟರಿನಲ್ಲಿ ನಾನೊಬ್ಬಳೇ ಇದ್ದದ್ದು."

"ಇದು ಇನ್ಶೂರೆನ್ಸಿಗೆ ಮಾತ್ರ ಡಾಕ್ಟ್ರೇ. ಕಂಪನಿಯಲ್ಲಿ ನಿಮ್ಮ ನಂಬರು ಇನ್ನೂ ಆಗ್ಲಿಲ್ಲ. ಅರ್ಜಿ ಹೋಗಿದೆ. ನೀವು ಕತ್ತರಿ ನೋಡಿ, ನಾನು ಕಾಗದ ನೋಡ್ತೇನೆ" ಎಂದರು ಇವರು, ತಲೆ ಎತ್ತದೆ.

ಅರ್ಜಿ ಹೋಗಿರಲಿಲ್ಲ. ಡ್ರಾವರಿನಲ್ಲಿ ಆ ಉದ್ದನೆಯ ಪುಸ್ತಕದ ಅಡಿಯಲ್ಲಿ ಏಳೂ ಅರ್ಜಿ ಬಿದ್ದಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಬ್ಯಾರಿ ಹೆಂಗಸು ಅಂತ ಹೀಗೆ ಮಾಡಿದರು ಎಂದು ವಾರ್ಡಿನಲ್ಲಿ ಕೆಲವರು ಆಡಿಕೊಂಡರು. ಅದು ಸುಳ್ಳು. ಕಾರ್ಕಳದಿಂದ ಬರುತ್ತಿದ್ದ ಬ್ಯಾರಿಯಲ್ಲದ ಒಬ್ಬ ಗಂಡಸು ಡಾಕ್ಟ್ರಿಗೂ ಅದನ್ನೇ ಮಾಡಿದ್ದರು, ಅವರು ಎರಡೇ ವರ್ಷದಲ್ಲಿ ಬಿಟ್ಟುಹೋಗಿ ಬಚಾವಾದರು. ಇವರದ್ದು ದ್ವೇಷ ಅಲ್ಲ, ಸೋಮಾರಿತನ, ಅದರ ಮೇಲೆ ಜಂಬ. "ನನ್ನ ಮೇಜಿನಿಂದ ಹೋದ ಫೈಲು ವಾಪಸ್ ಬಂದ ಚರಿತ್ರೆ ಇಲ್ಲ" ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ದ್ವೇಷವಾಗಿದ್ದರೆ ನಾನು ಬಹುಶಃ ಅಂದೇ ಬಾಯಿ ಬಿಡುತ್ತಿದ್ದೆ. ಸೋಮಾರಿತನದ ವಿರುದ್ಧ ಯಾರು ಜಗಳಕ್ಕೆ ನಿಲ್ಲುತ್ತಾರೆ?

ಮೂರು ವರ್ಷದ ಹಿಂದೆ ಆ ಪುಸ್ತಕಕ್ಕೆ ಕಲ್ಲು ಬಿತ್ತು. ಮೇಲಿನ ಮಹಡಿಯ ಹಾಲಿನಲ್ಲಿ ನಮ್ಮನ್ನೆಲ್ಲ ಕೂರಿಸಿ ಸಾಫ್ಟ್‌ವೇರಿನವರು ವಿವರಿಸಿದರು. ಇನ್ನು ಕಂಪನಿಗೊಂದು ನಂಬರು ಇಲ್ಲ. ದೇಶಕ್ಕೆಲ್ಲ ಒಬ್ಬ ಡಾಕ್ಟ್ರಿಗೆ ಒಂದೇ ನಂಬರು, ಎಲ್ಲಿ ಕೆಲಸ ಮಾಡಿದರೂ, ಯಾವ ಕಂಪನಿಗೆ ಕ್ಲೇಮು ಹೋದರೂ ಅದೇ. ಡಾಕ್ಟ್ರು ತಮ್ಮ ಆಧಾರ್, ತಮ್ಮ ಫೋನು ಇಟ್ಟುಕೊಂಡು ಅದನ್ನು ತಾವೇ ಮಾಡಿಕೊಳ್ಳಬೇಕು. ನನ್ನ ಪಕ್ಕದಲ್ಲಿ ಬಿಲ್ಲಿಂಗಣ್ಣ ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿದ್ದರು. "ಇದೆಲ್ಲ ಆರು ತಿಂಗಳ ಆಟ" ಎಂದರು. ನನಗಂತೂ ಒಳಗೊಳಗೇ ಹಾಲು ಕುಡಿದಷ್ಟು ಖುಷಿ. ಅವರ ಮುಖ ನೋಡಿ ನೋಡಿ ಖುಷಿಪಟ್ಟೆ, ಅದನ್ನು ಹೇಳಲು ನನಗೆ ನಾಚಿಕೆ ಇಲ್ಲ.

ಸಫಿಯಾ ಡಾಕ್ಟ್ರು ಮರುದಿನವೇ ನಂಬರು ಮಾಡಿಸಿಕೊಂಡು ಬಂದರು. ಫೋನು ತೋರಿಸಿ ಒಂದೊಂದೇ ಅಂಕೆ ಓದಿದರು. ಬಿಲ್ಲಿಂಗಣ್ಣ ಬರೆದುಕೊಳ್ಳಲಿಲ್ಲ, ನಾನು ಬರೆದುಕೊಂಡೆ. "ಇನ್ನು ನಾನೂ ಡಾಕ್ಟ್ರಾದೆ ಜಲಜಕ್ಕ" ಎಂದು ನಕ್ಕರು.

ಆ ವಾರವೇ ಒಂದು ಪಟ್ಟಿ ಬಂತು. ಎಡಗಡೆ ಹಳೆಯ ನಂಬರುಗಳು, ಬಲಗಡೆ ಖಾಲಿ ಖಾನೆ. ಹಳೆಯ ನಂಬರು ಯಾರದ್ದೋ ಅವರ ಹೊಸ ನಂಬರನ್ನು ಅದರ ಎದುರು ತುಂಬಿಸಿ ಕಳಿಸಬೇಕು. ಕಳಿಸಿದ ಮೇಲೆ ಆ ಹಳೆಯ ನಂಬರಿನಲ್ಲಿ ಹೋದ ಆಪರೇಷನ್ನುಗಳೆಲ್ಲ ಹೊಸ ನಂಬರಿನವರ ಹೆಸರಿಗೆ ಸೇರುತ್ತವೆ, ಮತ್ತೆ ನಮ್ಮ ಕಡೆಯಿಂದ ಬದಲಾಯಿಸಲು ಆಗುವುದಿಲ್ಲ. ದೊಡ್ಡ ಡಾಕ್ಟ್ರ ಸಾಲಿಗೆ ಬಂದಾಗ ನನ್ನ ಕೈ ನಿಂತಿತು.

"ಸರ್, ಇದರಲ್ಲಿ ಎಂಟು ವರ್ಷದಿಂದ ಇರುವ ಹೆಂಗಸರ ಆಪರೇಷನ್ ಎಲ್ಲ ಸಫಿಯಾ ಡಾಕ್ಟ್ರದ್ದು."

"ಗೊತ್ತುಂಟು."

"ಇಲ್ಲಿ ದೊಡ್ಡ ಡಾಕ್ಟ್ರ ಹೊಸ ನಂಬರು ಹಾಕಿದರೆ ಎಲ್ಲ ಅವರಿಗೇ ಹೋಗ್ತದೆ."

"ಒಂದು ಸಾಲಿಗೆ ಒಂದೇ ನಂಬರು ಬೀಳುವುದು. ನಿನಗೆ ಬೇರೆ ದಾರಿ ಗೊತ್ತುಂಟಾ?"

ಗೊತ್ತಿತ್ತು. ಸಾಫ್ಟ್‌ವೇರಿನವರು ಫೋನಿನಲ್ಲಿ ಹೇಳಿದ್ದರು, ಫೈಲು ಫೈಲು ನೋಡಿ ಬೇರೆ ಮಾಡಿ ಕೊಟ್ಟರೆ ಬೇರೆಯಾಗಿಯೇ ಸೇರಿಸುತ್ತೇವೆ, ಒಂದು ತಿಂಗಳ ಕೆಲಸ ಎಂದು. ಅದನ್ನೂ ಹೇಳಿದೆ. ಬಿಲ್ಲಿಂಗಣ್ಣ ಎದ್ದು ನನ್ನ ಪಕ್ಕಕ್ಕೆ ಬಂದರು. "ಒಂದು ತಿಂಗಳು ಕೂತು, ನಾವು ಎಂಟು ವರ್ಷ ತಪ್ಪು ಹಾಕಿದ್ದೇವೆ ಅಂತ ನಾವೇ ಪಟ್ಟಿ ಮಾಡಿ ಕೊಡುವುದಾ? ಹಾಕು ಮಾರಾಯ್ತಿ, ಪಿರಿಪಿರಿ ಮಾಡ್ಬೇಡ." ನಾನು ಹಾಕಿದೆ. ಅವರು ಪಕ್ಕದಲ್ಲಿ ನಿಂತಿದ್ದರು, ಕೀಲಿ ಒತ್ತಿದ್ದು ನನ್ನ ಬೆರಳು.

ಕೆಲವು ತಿಂಗಳ ಮೇಲೆ ಸಫಿಯಾ ಅವರು ಕಾಪುವಿನಲ್ಲಿ ತಮ್ಮದೇ ಒಂದು ಸಣ್ಣ ಆಪರೇಷನ್ ಥಿಯೇಟರು ಮಾಡಲು ಹೊರಟರು. ಸರ್ಕಾರಿ ಇನ್ಶೂರೆನ್ಸ್ ಕಾರ್ಡಿನವರಿಗೆ ಅಲ್ಲಿ ಆಪರೇಷನ್ ಮಾಡಲು ಅನುಮತಿ ಬೇಕು. ಅದಕ್ಕೆ ಮುಖ್ಯ ಸರ್ಜನ್ ಆಗಿ ಎಂಟು ವರ್ಷ ಕೆಲಸ ಮಾಡಿದ ದಾಖಲೆ ಬೇಕು. ಅನುಮತಿ ಕೊಡುವ ಕಚೇರಿಯವರು ಅವರ ಹೊಸ ನಂಬರು ಹಾಕಿ ನೋಡಿದರು. ಆ ಕೆಲವು ತಿಂಗಳದ್ದು ಬಂತು. ಅದರ ಹಿಂದೆ ಏನೂ ಇಲ್ಲ.

ಆ ಕಾಗದ ಹಿಡಿದುಕೊಂಡು ಅವರು ಮೆಟ್ಟಿಲ ಕೆಳಗಿನ ನಮ್ಮ ಕೋಣೆಗೆ ಬಂದರು. ಬಿಲ್ಲಿಂಗಣ್ಣ ಕ್ಯಾಂಟೀನಿನಲ್ಲಿದ್ದರು. ಅಂದು ಮೊದಲ ಸಲ ಸಫಿಯಾ ಅವರು ಆ ಗಿಡ್ಡ ಸ್ಟೂಲಿನಲ್ಲಿ ಕೂತರು. "ಜಲಜಕ್ಕ, ನಾನು ಇಲ್ಲಿ ಎಂಟು ವರ್ಷ ಎಂತ ಮಾಡ್ತಿದ್ದೆ?" ಎಂದು ಕೇಳಿದರು. ಕೂಗಲಿಲ್ಲ. ನಿಜವಾಗಿ ತಿಳಿಯಬೇಕು ಎಂಬ ಹಾಗೆ ಕೇಳಿದರು. ನನ್ನ ಹೊಟ್ಟೆಯ ಮೇಲೆ ಅವರು ಹಾಕಿದ ಹೊಲಿಗೆಯ ಗೀರು ಉಂಟು, ನಾನು ಕಂಪ್ಯೂಟರಿನ ಕಡೆ ನೋಡಿದೆ.

ಆಗ ದೊಡ್ಡ ಡಾಕ್ಟ್ರು ನೆನಪು ಹೋಗಿ ಮನೆಯಲ್ಲಿ ಮಲಗಿದ್ದರು, ಮಗ ಆಸ್ಪತ್ರೆ ನೋಡಿಕೊಳ್ಳುತ್ತಿದ್ದ. ಆ ಆಪರೇಷನ್ ಎಲ್ಲ ಮಾಡಿದ್ದು ನಾನೇ ಎಂದು ಬರೆದುಕೊಡಿ ಎಂದು ಸಫಿಯಾ ಅವರು ಹೋಗಿ ಕೇಳಿದರೆ, ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಹಾಗೆಲ್ಲ ಬರೆದುಕೊಟ್ಟರೆ ಹಳೆಯ ಕ್ಲೇಮುಗಳನ್ನು ಕಂಪನಿಗಳು ಅಗೆಯುತ್ತವೆ ಎಂದು ಕೈ ಮುಗಿದ. ಕಚೇರಿಯವರು ಒಂದು ದಾರಿ ತೋರಿಸಿದರಂತೆ. ಕಂಪ್ಯೂಟರಿನಲ್ಲಿ ಅವನ್ನು ತುಂಬಿಸಿದವರು ಯಾರೋ ಅವರು, ತಾವು ತುಂಬಿಸಿದ್ದು ತಪ್ಪು ಎಂದು ಸಹಿ ಹಾಕಿ ಬರೆದುಕೊಟ್ಟರೆ ಮತ್ತೆ ಪರಿಶೀಲಿಸುತ್ತೇವೆ ಎಂದು. ಸಫಿಯಾ ಅವರು ನನ್ನನ್ನು ಒಮ್ಮೆ ಕೇಳಿದರು. ಒಂದೇ ಒಂದು ಸಲ. "ನೋಡ್ತೇನೆ ಡಾಕ್ಟ್ರೇ" ಎಂದೆ.

ಮರುದಿನ ಬಿಲ್ಲಿಂಗಣ್ಣ ನನ್ನನ್ನು ಕ್ಯಾಂಟೀನಿಗೆ ಕರೆದರು. ಅಷ್ಟು ವರ್ಷದಲ್ಲಿ ಅದೇ ಮೊದಲು. ತಾವೇ ಹೋಗಿ ನನಗೊಂದು ತಟ್ಟೆ ಗೋಳಿಬಜೆ ತಂದಿಟ್ಟರು, ಚಟ್ನಿ ಬೇರೆ ಬಟ್ಟಲಿನಲ್ಲಿ.

"ನೋಡು ಜಲಜ, ಕಂಪ್ಯೂಟರಿನಲ್ಲಿ ನನ್ನ ಹೆಸರು ಎಲ್ಲಿಯೂ ಇಲ್ಲ. ಯಾರು ಬಂದು ಹುಡುಕಿದರೂ ಸಿಗುವುದು ನಿನ್ನದೇ. ಕಾಗದ ಬರೆದರೆ ಮೊದಲು ಕೆಲಸ ಹೋಗುವುದು ಯಾರದ್ದು? ಆಮೇಲೆ ಕೇಸು ಬಂದರೆ ಯಾರ ಮನೆಗೆ ಬರುವುದು? ನಾನು ನಿನಗೆ ಹೆದರಿಸ್ತಾ ಇಲ್ಲ. ಮಗಳು ಕಾಲೇಜಿಗೆ ಹೋಗ್ತಾಳಲ್ವಾ?"

ಅವರು ಹೇಳಿದ್ದು ನಿಜವಾಗಿತ್ತು. ಅಷ್ಟು ವರ್ಷದಲ್ಲಿ ಅವರು ಒಂದು ದಿನವೂ ಕೀಲಿಮಣೆ ಮುಟ್ಟಿರಲಿಲ್ಲ. ಪಾಪ, ಹಳೆಯ ಕಾಲದವರು, ಟೈಪು ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ನನ್ನ ಲಾಗಿನ್ನಿನಲ್ಲಿ, ನನ್ನ ಪಾಸ್‌ವರ್ಡಿನಲ್ಲಿ, ನನ್ನ ಕೈಯಿಂದ ಮಾಡಿಸಿಟ್ಟಿದ್ದರು. ಅದು ಹೊಳೆದಾಗ ಮೈಯೆಲ್ಲ ಉರಿಯಿತು. ಉರಿದರೂ ಏನು ಮಾಡಿದೆ? ಗೋಳಿಬಜೆ ತಿಂದೆ. ನನ್ನ ಗಂಡನ ಟೆಂಪೋ ತಿಂಗಳಲ್ಲಿ ಹತ್ತು ದಿನ ಗ್ಯಾರೇಜಿನಲ್ಲೇ ಇರುವುದು, ಮನೆ ನಡೆಯುವುದು ನನ್ನ ಕೆಲಸದಿಂದ. ಸಫಿಯಾ ಅವರು ಆ ತಿಂಗಳ ಕೊನೆಗೆ ನಮ್ಮ ಆಸ್ಪತ್ರೆ ಬಿಟ್ಟರು. ಹೋಗುವ ದಿನ ನಾನು ರಜೆ ಹಾಕಿದ್ದೆ, ಮುಖ ತೋರಿಸಬೇಕಾಗುತ್ತದೆ ಎಂದು.

ಇದಾಗಿ ಒಂದು ವರ್ಷಕ್ಕೆ ಬಿಲ್ಲಿಂಗಣ್ಣ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಶಾಲು ಹೊದೆಸಿದವಳು ನಾನು. ಬಗ್ಗಿ ಶಾಲು ತೆಗೆದುಕೊಳ್ಳುವಾಗ ನನ್ನ ಕಿವಿಗೆ ಮಾತ್ರ ಕೇಳುವ ಹಾಗೆ, "ಆಯ್ತಲ್ಲ, ಯಾರಿಗೂ ಎಂತದೂ ಆಗ್ಲಿಲ್ಲ" ಎಂದರು. ಯಾರಿಗೂ ಅಂತೆ. ಅವರು ಕೂರುತ್ತಿದ್ದ ಕುರ್ಚಿಗೆ ನಾನು ಬಡ್ತಿಯಾಗಿ ಬಂದೆ. ಮೊದಲ ದಿನವೇ ಆ ಸ್ಟೂಲನ್ನು ತೆಗೆಸಿ ಕುರ್ಚಿ ಹಾಕಿಸಿದೆ. ಅಷ್ಟನ್ನೇ ನಾನು ಮಾಡಿದ ಧೈರ್ಯದ ಕೆಲಸ ಎಂದು ಯಾರಾದರೂ ಲೆಕ್ಕಕ್ಕೆ ಹಿಡಿಯಬಹುದು.

ಹದಿಮೂರನೇ ದಿನದ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಇನ್ನಂಜೆಗೆ ಹೋದದ್ದು ಆಸ್ಪತ್ರೆಯವರೆಲ್ಲ ಒಂದೇ ವ್ಯಾನಿನಲ್ಲಿ ಹೊರಟರು ಎಂಬ ಕಾರಣಕ್ಕೆ. ಗದ್ದೆಯ ಅಂಚಿನ ಮನೆ, ಅಂಗಳಕ್ಕೆ ಶಾಮಿಯಾನ. ಫೋಟೋದಲ್ಲಿ ಅವರು ಪೆನ್ನನ್ನು ಕಿಸೆಗೆ ಸಿಕ್ಕಿಸಿಕೊಂಡು ನೆಟ್ಟಗೆ ನೋಡುತ್ತಿದ್ದರು. ಹೂ ಹಾಕಿದೆ. ಕೈ ಮುಗಿದೆನೋ ಇಲ್ಲವೋ ನೆನಪಿಲ್ಲ. ಊಟ ಮುಗಿಸಿ ಕೈ ತೊಳೆಯುವಲ್ಲಿ ಅವರ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದರು. ಸಣ್ಣ ಹೆಂಗಸು, ಅತ್ತು ಅತ್ತು ಕಣ್ಣು ಬಾತಿತ್ತು. ನನ್ನ ಒದ್ದೆ ಕೈಯನ್ನೇ ಹಿಡಿದುಕೊಂಡರು.

"ನೀವು ಜಲಜ ಅಲ್ವಾ? ನಿಮ್ಮ ವಿಷಯ ಯಾವಾಗಲೂ ಹೇಳ್ತಿದ್ದರು. ಅಷ್ಟು ಜನರಲ್ಲಿ ಅವರು ನಂಬಿದ್ದು ನಿಮ್ಮನ್ನು ಮಾತ್ರ. ಜಲಜ ಎಂದಿಗೂ ಬಾಯಿ ಬಿಡುವವಳಲ್ಲ, ಅಂಥವಳು ಸಿಕ್ಕಿದ್ದು ನನ್ನ ಪುಣ್ಯ ಅಂತ ಮೊನ್ನೆ ಮೊನ್ನೆ ಕೂಡ ಹೇಳಿದರು."

ಏನು ಬಾಯಿ ಬಿಡುವುದು ಎಂದು ಆ ಹೆಂಗಸಿಗೆ ಗೊತ್ತಿರಲಿಲ್ಲ. ಹೊಗಳಿಕೆ ಎಂದೇ ತಿಳಿದು ಪ್ರೀತಿಯಿಂದ ಹೇಳಿದರು. ನನ್ನನ್ನು ಜೀವಮಾನದಲ್ಲಿ ಯಾರೂ ಅಷ್ಟು ಸರಿಯಾಗಿ ಬೈದಿರಲಿಲ್ಲ. ವಾಪಸ್ ಬರುವಾಗ ವ್ಯಾನಿನಲ್ಲಿ ಎಲ್ಲರೂ ಪಾಯಸದ ಮಾತಾಡುತ್ತಿದ್ದರು.

ಮರುದಿನ ಸಫಿಯಾ ಅವರಿಗೆ ಫೋನು ಮಾಡಿದೆ. ಕಾಪುವಿನಲ್ಲಿ ಅವರದು ಈಗ ಒಂದು ಕೋಣೆಯ ಕ್ಲಿನಿಕ್ಕು. ಥಿಯೇಟರಿಗೆಂದು ಹಿಡಿದ ಹಿಂದಿನ ಕೋಣೆಗೆ ಬೀಗ. ಆಪರೇಷನ್ ಬೇಕಾದ ಹೆಂಗಸರನ್ನು ಈಗಲೂ ಚೀಟಿ ಬರೆದು ಉಡುಪಿಗೆ ಕಳಿಸುತ್ತಾರೆ, ಬೇರೆಯವರ ಕೈಗೆ.

"ಡಾಕ್ಟ್ರೇ, ಆ ಕಾಗದ ಬರೆದುಕೊಡ್ತೇನೆ" ಎಂದೆ. "ಬಿಲ್ಲಿಂಗಣ್ಣ ಹೀಗೆ ಹೀಗೆ ಹಾಕಲಿಕ್ಕೆ ಹೇಳಿದರು ಅಂತ ಎಲ್ಲ ಬರೆಯುತ್ತೇನೆ."

"ಅವರು ತೀರಿಹೋದರು ಅಂತ ಕೇಳಿದೆ" ಎಂದರು.

"ಹೌದು."

"ಹಾಗಾದರೆ ಅವರು ಹೇಳಿದರು ಅಂತ ಬರೆಯಬೇಡಿ ಜಲಜಕ್ಕ. ಕಚೇರಿಯವರು ಸತ್ತವರನ್ನು ಕರೆದು ಕೇಳ್ಲಿಕ್ಕುಂಟಾ? ಹೋದವರ ಮೇಲೆ ಹಾಕಿದ್ದೀರಿ ಅಂತ ಬದಿಗಿಡ್ತಾರೆ. ನಾನು ಹಾಕಿದೆ ಅಂತ ಬರೆಯುವುದಾದರೆ ಬರೆಯಿರಿ. ಇಲ್ಲದಿದ್ದರೆ ಬೇಡ."

ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ. ರೋಗಿಗೆ ಯಾವ ಮಾತ್ರೆ ಊಟದ ಮೊದಲು, ಯಾವುದು ಆಮೇಲೆ ಎಂದು ಹೇಳುವ ಸ್ವರವೇ. ಆಗ ನನಗೆ ತಿಳಿಯಿತು, ನಾನು ಹದಿಮೂರು ದಿನ ಕಾದದ್ದು ಯಾಕೆ, ಅಥವಾ ಇಷ್ಟು ವರ್ಷ ಕಾದದ್ದು ಯಾಕೆ ಎಂದು. ಎಲ್ಲವನ್ನೂ ಹೊರಿಸಲು ಬಿಲ್ಲಿಂಗಣ್ಣ ಒಂದು ಹೆಣವಾಗುವುದನ್ನೇ ಕಾಯುತ್ತಿದ್ದೆ. ಆ ಮನುಷ್ಯನನ್ನು ಇಂದಿಗೂ ಕ್ಷಮಿಸುವುದಿಲ್ಲ, ಕ್ಷಮಿಸಬೇಕು ಎಂದು ಯಾರೂ ಉಪದೇಶಕ್ಕೆ ಬರುವುದು ಬೇಡ. ಆದರೆ ಕಾಗದ ಅವರ ಮೇಲೆ ಬರೆಯುವಂಥದ್ದಲ್ಲ.

ಭಾನುವಾರ ಕೂತು ಬರೆದೆ. ಒಂದು ಹಾಳೆಯೂ ತುಂಬಲಿಲ್ಲ. ಡಾಕ್ಟರ್ ಸಫಿಯಾ ಅವರು ಒಬ್ಬರೇ ಮಾಡಿದ ಆಪರೇಷನ್ನುಗಳನ್ನು ಎಂಟು ವರ್ಷ ಇನ್ನೊಬ್ಬರ ನಂಬರಿನಲ್ಲಿ ತುಂಬಿಸಿದವಳು ನಾನು, ಹೊಸ ನಂಬರು ಬಂದಾಗ ಅವನ್ನು ಬೇರೆ ಮಾಡಲು ದಾರಿ ಇದ್ದೂ ಮಾಡದೆ ಇನ್ನೊಬ್ಬರ ಹೆಸರಿಗೆ ಸೇರಿಸಿದವಳೂ ನಾನೇ, ಇದು ಗೊತ್ತಿದ್ದೇ ಮಾಡಿದ್ದು. ಅಷ್ಟೇ. ಸಹಿ ಹಾಕುವ ಮೊದಲು ಗಂಡನಿಗೂ ಮಗಳಿಗೂ ಓದಿ ಹೇಳಿದೆ. ಗಂಡ ಎದ್ದು ಹೋಗಿ ಟೆಂಪೋದ ಗಾಜು ಒರೆಸತೊಡಗಿದರು. ಮಗಳು "ಅಮ್ಮ, ಕೆಲಸ ಹೋಗ್ತದಾ?" ಎಂದು ಕೇಳಿದಳು. ಹೋಗಬಹುದು ಎಂದೆ.

ಸೋಮವಾರ ರಜೆ ಹಾಕಿ ಕಾಪುವಿಗೆ ಹೋದೆ. ಕ್ಲಿನಿಕ್ಕಿನ ಬೆಂಚಿನಲ್ಲಿ ಐದಾರು ಹೆಂಗಸರಿದ್ದರು, ನಾನೂ ಅವರ ಸಾಲಿನಲ್ಲೇ ಕೂತೆ. ನನ್ನ ಸರದಿ ಬಂದಾಗ ಒಳಗೆ ಹೋಗಿ ಕಾಗದ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು, ಮೊದಲಿನಿಂದ ಮತ್ತೊಮ್ಮೆ ಓದಿದರು. ಥ್ಯಾಂಕ್ಸ್ ಹೇಳುತ್ತಾರೆ ಎಂದು ನಾನು ಕಾದೆ. ಕಾದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

"ಇದನ್ನು ಬರೆಯಲಿಕ್ಕೆ ಎಷ್ಟು ಹೊತ್ತು ಬೇಕಾಯ್ತು?" ಎಂದು ಕೇಳಿದರು.

"ಅರ್ಧ ಗಂಟೆ" ಎಂದೆ.

ಅವರು ತಲೆಯಾಡಿಸಿದರು. ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟು, ಬಾಗಿಲ ಕಡೆ ನೋಡಿ, ಮುಂದಿನವರನ್ನು ಕರೆದರು.